ಹೆಬ್ಬೆಟ್ಟು ಒತ್ತುವ ಮುನ್ನ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಕಂಪ್ಯೂಟರ್ ಕಾಲದಲ್ಲಿ ನಮ್ಮ ನಡತೆ ಹೇಗಿರಬೇಕು ಎಂಬ ಬಗ್ಗೆ ನಾಲ್ಕು ಮಾತು ಆಡಿ ಎಂದು ಸಮಿತಿಯವರು ಹೇಳಿದ್ದಾರೆ. ನಾನು ಕಂಪ್ಯೂಟರ್ ಎಂಜಿನಿಯರ್ ಅಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ಅಧಿಕಾರಿಯಾಗಿ ನಿವೃತ್ತನಾದವನು. ಸೇರಿದಾಗ ಎರಡೂ ಕೈಯಿಂದ ಎತ್ತಬೇಕಾದ ಲೆಡ್ಜರುಗಳಿದ್ದವು. ನಿವೃತ್ತನಾಗುವ ಹೊತ್ತಿಗೆ ಆ ಲೆಡ್ಜರುಗಳ ಕೆಲಸವೆಲ್ಲ ಅಂಗೈಯಗಲದ ಫೋನಿನಲ್ಲಿ ಆಗುತ್ತಿತ್ತು. ಆ ಬದಲಾವಣೆಯನ್ನು ಕೌಂಟರಿನ ಒಳಗಿನಿಂದ ನೋಡಿದವನು ನಾನು. ಕಂಡದ್ದನ್ನಷ್ಟೇ ಹೇಳುತ್ತೇನೆ.

ಮೊದಲು ಮಸಿಯ ಡಬ್ಬಿಯ ವಿಷಯ. ನಮ್ಮ ಕೌಂಟರಿನ ಮೇಲೆ ನೀಲಿ ಮಸಿಯ ಸ್ಟಾಂಪ್ ಪ್ಯಾಡ್ ಇರುತ್ತಿತ್ತು. ಸಹಿ ಬಾರದವರು ಅದರಲ್ಲಿ ಹೆಬ್ಬೆಟ್ಟು ಅದ್ದಿ ಕಾಗದದ ಮೇಲೆ ಒತ್ತುತ್ತಿದ್ದರು. ಒತ್ತಿದ ಮೇಲೆ ಆ ಬೆರಳನ್ನು ಏನು ಮಾಡಬೇಕೆಂದು ತಿಳಿಯದೆ ನಾಚಿಕೊಂಡು ತಲೆಗೂದಲಿಗೋ ಗೋಡೆಗೋ ಒರೆಸುತ್ತಿದ್ದರು. ಶಾಖೆಯ ಗೋಡೆಯ ಒಂದು ಮೂಲೆ ಯಾವಾಗಲೂ ನೀಲಿಯಾಗಿಯೇ ಇರುತ್ತಿತ್ತು. ವರ್ಷಕ್ಕೊಮ್ಮೆ ಸುಣ್ಣ ಹೊಡೆಸಿದರೂ ತಿಂಗಳೊಳಗೆ ಮತ್ತೆ ನೀಲಿ.

ನಮ್ಮ ಅವ್ವನೂ ಹೆಬ್ಬೆಟ್ಟಿನವಳೇ. ಸಾಲದ ಕಾಗದಕ್ಕೆ ಗುರುತು ಹಾಕಿ ಮನೆಗೆ ಬಂದಾಗ ಅಪ್ಪ ಕೇಳುತ್ತಿದ್ದ: "ಏನ್ ಬರದಿದ್ರು ಅದರಾಗ?" ಅವ್ವ ಹೇಳುತ್ತಿದ್ದಳು: "ಯಾರಿಗ್ ಗೊತ್ತು? ಒತ್ತಂದ್ರು, ಒತ್ತಿದೆ." ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಮಗ ಹಾಗೆ ಒತ್ತಬಾರದು ಎಂದೇ ಅವಳು ನನ್ನನ್ನು ಈ ಶಾಲೆಗೆ ಕಳಿಸಿದಳು. ಇಲ್ಲಿ ಕೂತಿರುವ ನನ್ನ ವಯಸ್ಸಿನವರ ಮನೆಗಳಲ್ಲೆಲ್ಲ ಇದೇ ಕತೆ ಇರುತ್ತದೆ.

ಆದರೆ ಆ ಹಳೆಯ ಪದ್ಧತಿಯಲ್ಲಿ ಒಂದು ಒಳ್ಳೆಯ ನಿಯಮವಿತ್ತು. ಹೆಬ್ಬೆಟ್ಟಿನ ಗಿರಾಕಿ ಬಂದರೆ ಕಾಗದದಲ್ಲಿ ಏನಿದೆ ಎಂಬುದನ್ನು ಅವರ ಭಾಷೆಯಲ್ಲಿ ಓದಿ ಹೇಳಬೇಕು. ಪಕ್ಕದಲ್ಲಿ ಗುರುತು ಬಲ್ಲ ಸಾಕ್ಷಿಯೊಬ್ಬರು ಸಹಿ ಹಾಕಬೇಕು. ಎಲ್ಲರೂ ಎಲ್ಲ ಸಲವೂ ಪಾಲಿಸಿದರೆಂದು ನಾನು ಹೇಳಲಾರೆ. ಆದರೂ ನಿಯಮವಿತ್ತು, ಅದನ್ನು ಮುರಿದವನಿಗೆ ತಾನು ಮುರಿಯುತ್ತಿದ್ದೇನೆ ಎಂಬುದಾದರೂ ಗೊತ್ತಿರುತ್ತಿತ್ತು. ಓದಲು ಬಾರದವರಿಗೆ ಓದಿ ಹೇಳುವುದು ಓದಲು ಬಂದವರ ಕರ್ತವ್ಯ ಎಂದು ಆ ನಿಯಮ ಒಪ್ಪಿಕೊಂಡಿತ್ತು.

ಈಗ ನಮ್ಮ ಫೋನುಗಳನ್ನು ನೋಡಿ. ಹೊಸ ಆ್ಯಪ್ ಒಂದನ್ನು ಹಾಕಿಕೊಂಡಾಗ ಇಂಗ್ಲಿಷಿನಲ್ಲಿ ಮಾರುದ್ದದ ಬರಹ ಬರುತ್ತದೆ. ಕೆಳಗೆ ಒಂದು ಗುಂಡಿ: ಐ ಅಗ್ರೀ, ಅಂದರೆ ನಾನು ಒಪ್ಪಿದ್ದೇನೆ. ಇಲ್ಲಿ ಪದವಿ ಪಡೆದವರಿದ್ದೀರಿ, ಶಿಕ್ಷಕರಿದ್ದೀರಿ, ವಕೀಲರಿದ್ದೀರಿ. ಆ ಬರಹವನ್ನು ಒಮ್ಮೆಯಾದರೂ ಪೂರ್ತಿ ಓದಿದವರು ಕೈ ಎತ್ತಿ ಎಂದರೆ ನನ್ನ ಕೈಯೂ ಮೇಲೇಳುವುದಿಲ್ಲ. ಮನೆಯಲ್ಲಿ ಯಾರಾದರೂ "ಏನ್ ಬರದಿತ್ತು?" ಎಂದು ಕೇಳಿದರೆ ನಾವೂ ಅವ್ವನ ಮಾತನ್ನೇ ಹೇಳುತ್ತೇವೆ: "ಓಕೆ ಅಂತ ಬಂತು, ಒತ್ತಿದೆ."

ಐವತ್ತು ವರ್ಷ ಈ ಶಾಲೆ ನಮಗೆ ಸಹಿ ಹಾಕುವುದನ್ನು ಕಲಿಸಿತು. ನಾವು ಮತ್ತೆ ಹೆಬ್ಬೆಟ್ಟಿಗೇ ಬಂದು ನಿಂತಿದ್ದೇವೆ. ಈಗ ಬೆರಳಿಗೆ ಮಸಿ ಹತ್ತುವುದಿಲ್ಲ. ಹಾಗಾಗಿ ನಾಚಿಕೆಯೂ ಇಲ್ಲ.

ಇದರಿಂದ ಆಗುವುದೇನು? ಒಂದು ಉದಾಹರಣೆ ಕೊಡುತ್ತೇನೆ. ಫೋನಿನಲ್ಲೇ ಐದು ನಿಮಿಷದಲ್ಲಿ ಸಾಲ ಕೊಡುತ್ತೇವೆ ಎನ್ನುವ ಆ್ಯಪ್‌ಗಳಿವೆ. ಹಾಕಿಕೊಳ್ಳುವಾಗ ಫೋನಿನಲ್ಲಿರುವ ನಂಬರುಗಳನ್ನೆಲ್ಲ ನೋಡಲೇ ಎಂದು ಅವು ಕೇಳುತ್ತಿದ್ದವು. ಗಡಿಬಿಡಿಯಲ್ಲಿರುವ ಹುಡುಗ ಒತ್ತುತ್ತಾನೆ. ಕಂತು ತಪ್ಪಿದ ದಿನ ಅವನ ಬೀಗರಿಗೆ, ಸೋದರಮಾವನಿಗೆ, ಶಾಲೆಯ ಗುರುಗಳಿಗೆ ಫೋನು ಹೋಗುತ್ತದೆ: ಇವನು ಕಳ್ಳ ಎಂದು. ಅವನು ಒತ್ತಿದ್ದು ಒಂದೇ ಗುಂಡಿ. ಮಾನ ಹೋದದ್ದು ಇಡೀ ಮನೆತನದ್ದು. ದೂರುಗಳು ಹೆಚ್ಚಾದ ಮೇಲೆ ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿ ಒಂದು ಮಾರ್ಗಸೂಚಿ ಹೊರಡಿಸಿತು. ಸಾಲದ ಆ್ಯಪ್‌ಗಳು ಗಿರಾಕಿಯ ಫೋನಿನಲ್ಲಿರುವ ನಂಬರುಗಳ ಪಟ್ಟಿ, ಕರೆಗಳ ವಿವರ, ಫೋಟೊಗಳನ್ನು ಮುಟ್ಟಬಾರದು ಎಂದು ಅದರಲ್ಲಿ ಹೇಳಿದೆ. ಇದನ್ನು ನೆನಪಿಡಿ. ನಂಬರುಗಳ ಪಟ್ಟಿ ಕೇಳುವ ಸಾಲದ ಆ್ಯಪ್ ನೆಟ್ಟಗಿನದಲ್ಲ. ಬೆಳಕು ಬಿಡುವ ಬ್ಯಾಟರಿ ಆ್ಯಪ್‌ಗೆ ನಿಮ್ಮ ಮನೆಯವರ ನಂಬರು ಏಕೆ ಬೇಕು? ಕೇಳಿದ್ದನ್ನೆಲ್ಲ ಕೊಡಬೇಕಾಗಿಲ್ಲ. ಬೇಡ ಎಂಬ ಗುಂಡಿಯೂ ಅಲ್ಲಿಯೇ ಇರುತ್ತದೆ.

ಕಂಪ್ಯೂಟರ್ ಬಂದದ್ದೇ ಕೆಟ್ಟದ್ದಾಯಿತು ಎಂದು ನಾನು ಹೇಳುತ್ತಿಲ್ಲ. ಅದರಿಂದ ನಮ್ಮ ರೈತರಿಗೆ ಆದ ದೊಡ್ಡ ಉಪಕಾರವನ್ನು ನಾನೇ ಕಂಡಿದ್ದೇನೆ. ಕಾಗವಾಡ ಆಗ ತಾಲ್ಲೂಕಾಗಿರಲಿಲ್ಲ, ನಮಗೆ ಅಥಣಿಯೇ ತಾಲ್ಲೂಕು. ಪಹಣಿ ಬೇಕೆಂದರೆ ತಲಾಟಿಯನ್ನು ಹುಡುಕಬೇಕು. ಸಿಕ್ಕರೆ ದಫ್ತರ ಬೇರೆ ಕಡೆ ಇದೆ ಎನ್ನುವನು. ಕೈಬರಹದ ಪಹಣಿಯಲ್ಲಿ ಯಾವ ಸಾಲು ಯಾವಾಗ ತಿದ್ದಲಾಯಿತು, ಯಾರು ತಿದ್ದಿದರು ಎಂದು ಕೇಳುವಂತಿರಲಿಲ್ಲ. ನಮ್ಮ ಸರಕಾರ 'ಭೂಮಿ' ಎಂಬ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. 2002ರ ಹೊತ್ತಿಗೆ ಕೈಬರಹದ ಪಹಣಿ ನಡೆಯುವುದಿಲ್ಲ ಎಂದಾಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬಂತು.

ಆ ಯೋಜನೆಯಲ್ಲಿ ನನಗೆ ಬಹಳ ಹಿಡಿಸಿದ್ದು ಎರಡು ಸಂಗತಿ. ಒಂದು, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳುವಂತೆ ಸಾಫ್ಟ್‌ವೇರನ್ನು ಕಟ್ಟಿದ್ದರು. ಗೌಡರ ಅರ್ಜಿಯಾದರೂ ಸರದಿ, ಕೂಲಿಯವನ ಅರ್ಜಿಯಾದರೂ ಸರದಿ. ಎರಡು, ದಾಖಲೆಯನ್ನು ಬದಲಿಸುವ ಅಧಿಕಾರಿ ತನ್ನ ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕಾಗಿತ್ತು. ನಾನು ಮಾಡಿಲ್ಲ, ಬೇರೆ ಯಾರೋ ನನ್ನ ಪಾಸ್‌ವರ್ಡ್ ಹಾಕಿದ್ದಾರೆ ಎಂದು ಅವನು ನಾಳೆ ಹೇಳುವಂತಿಲ್ಲ. ಅಂದರೆ ಅಲ್ಲಿ ಹೆಬ್ಬೆಟ್ಟು ಕೊಟ್ಟವನು ರೈತನಲ್ಲ, ಅಧಿಕಾರಿ. ಬರೆಯುವವನು ಬರೆದದ್ದಕ್ಕೆ ಉತ್ತರ ಕೊಡಬೇಕು ಎಂದು ಆ ಯಂತ್ರವನ್ನು ಇಟ್ಟಿದ್ದರು.

ಈಗ ರೇಷನ್ ಅಂಗಡಿಗೆ ಬನ್ನಿ. ಅಲ್ಲಿ ಹೆಬ್ಬೆಟ್ಟು ಕೊಡುವವರು ಯಾರು? ಅಕ್ಕಿ ಒಯ್ಯಲು ಬಂದ ಮುದುಕಿ. ಕಬ್ಬಿನ ಗದ್ದೆಯಲ್ಲಿ ಕಳೆ ತೆಗೆದು, ರವದಿ ಎಳೆದು, ಪಾತ್ರೆ ತಿಕ್ಕಿ ಅವಳ ಬೆರಳಿನ ಗೆರೆಗಳು ಸವೆದಿವೆ. ಯಂತ್ರ ನೀನು ನೀನಲ್ಲ ಎನ್ನುತ್ತದೆ. ದುಡಿದದ್ದಕ್ಕೇ ಅವಳ ಗುರುತು ಅಳಿಸಿಹೋಗಿದೆ. ಕಳ್ಳತನ ತಡೆಯಲು ಯಂತ್ರ ಬೇಕು, ಒಪ್ಪುತ್ತೇನೆ. ಆದರೆ ಯಂತ್ರ ಒಲ್ಲೆ ಎಂದಾಗ ಮುಂದೇನು ಎಂಬುದಕ್ಕೂ ಒಂದು ದಾರಿ ಇರಬೇಕು. ಆ ದಾರಿ ಯಾವುದು ಎಂದು ಕೇಳುವುದು ಅವಳಿಗೆ ಬರುವುದಿಲ್ಲ. ಅವಳ ಪರವಾಗಿ ಕೇಳಲು ನಮಗೆ ಬರುತ್ತದೆ.

ಬ್ಯಾಂಕಿನ ಹಣವನ್ನೂ ಈಗ ಊರಲ್ಲೇ ಬೆರಳಚ್ಚು ಕೊಟ್ಟು ತೆಗೆಯಬಹುದು. ಅಂಗೈಯಗಲದ ಯಂತ್ರ, ಆಧಾರ್ ನಂಬರು, ಹೆಬ್ಬೆಟ್ಟು. ಪಿನ್ ಬೇಡ, ಓಟಿಪಿ ಬೇಡ. ದೂರದ ಶಾಖೆಗೆ ಬಸ್ಸು ಹತ್ತಲಾಗದ ವೃದ್ಧರಿಗೆ ಇದು ವರ. ನನ್ನ ಕೊನೆಯ ವರ್ಷಗಳಲ್ಲಿ ಒಬ್ಬ ಆಯಿ ಪಾಸ್‌ಬುಕ್ ಹಿಡಿದು ನನ್ನ ಟೇಬಲ್ಲಿನ ಮುಂದೆ ಬಂದು ನಿಂತಳು. "ಸಾಹೇಬ, ನಾ ಒಂದs ಸರ್ತಿ ತಗಸೇನಿ, ಎರಡ ಸರ್ತಿ ಹ್ಯಾಂಗ್ ಬರದೈತಿ?" ಎಂದಳು. ವಿಚಾರಿಸಿದರೆ ಯಂತ್ರದವನು ಮೊದಲ ಸಲ ಬೆರಳು ಬರಲಿಲ್ಲ, ಇನ್ನೊಮ್ಮೆ ಒತ್ತು ಆಯಿ ಎಂದಿದ್ದ. ಎರಡೂ ಸಲ ಬೆರಳು ಬಂದಿತ್ತು, ಎರಡೂ ಸಲ ಹಣ ಹೋಗಿತ್ತು. ಕೈಗೆ ಬಂದದ್ದು ಒಂದೇ ಸಲದ್ದು. ಅವಳ ಬಳಿ ಚೀಟಿಯಿರಲಿಲ್ಲ. ದೂರು ಬರೆದುಕೊಟ್ಟೆವು. ಬಹಳ ಓಡಾಟದ ಮೇಲೆ ಹಣ ಮರಳಿತು. ಆದರೆ ಆ ನಡುವಿನ ತಿಂಗಳುಗಳಲ್ಲಿ ಅವಳ ಮನೆಯಲ್ಲಿ, "ನೀನs ಎಲ್ಲೋ ಖರ್ಚ ಮಾಡಿದಿ" ಎಂದು ಮಗ ಬೈದನಂತೆ. ಹಣ ತಿರುಗಿ ಬಂತು. ಬೈದ ಮಾತು ತಿರುಗಿ ಹೋಗಲಿಲ್ಲ.

2023ರಲ್ಲಿ ನಮ್ಮ ರಾಜ್ಯದಲ್ಲೇ ಇನ್ನೂ ಘೋರವಾದದ್ದು ಬೆಳಕಿಗೆ ಬಂತು. ಜಮೀನು, ಮನೆ ನೋಂದಣಿಯ ಪತ್ರಗಳಲ್ಲಿರುವ ಬೆರಳಚ್ಚನ್ನು ನಕಲು ಮಾಡಿ ಖಾತೆಯಿಂದ ಹಣ ತೆಗೆದ ಪ್ರಕರಣಗಳವು. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು. ಹೆಬ್ಬೆಟ್ಟು ಬದಲಿಸಲು ಬರುವುದಿಲ್ಲ. ಆದ್ದರಿಂದ ಆಧಾರ್‌ನವರು ಬೆರಳಚ್ಚಿಗೆ ಬೀಗ ಹಾಕುವ ಅನುಕೂಲ ಕೊಟ್ಟಿದ್ದಾರೆ. ಅವರ ಆ್ಯಪ್ ಅಥವಾ ಜಾಲತಾಣದಲ್ಲಿ ಬೀಗ ಹಾಕಿ, ಬೇಕಾದಾಗ ಬಿಚ್ಚಬಹುದು. ಇಲ್ಲಿರುವ ಮಕ್ಕಳು ಮನೆಗೆ ಹೋಗಿ ಅಜ್ಜ ಅಜ್ಜಿಯ ಪಕ್ಕ ಕೂತು ಇದನ್ನು ವಿವರಿಸಿ. ರೇಷನ್ನಿಗೆ ಹೋಗುವ ಮುನ್ನ ಬೀಗ ಬಿಚ್ಚಬೇಕೆಂಬುದನ್ನೂ ಹೇಳಿ. ಅವರು ಒಪ್ಪಿದರೆ ಮಾತ್ರ ಹಾಕಿ.

ಅವರು ಒಪ್ಪಿದರೆ ಮಾತ್ರ ಎಂದೆನಲ್ಲ, ಆ ಒಪ್ಪಿಗೆಯ ವಿಷಯದಲ್ಲಿ ನಾವು ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಒಬ್ಬರಿದ್ದಾರೆ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು: ಖಾಸಗಿತನ ಪ್ರತಿಯೊಬ್ಬ ಪ್ರಜೆಯ ಮೂಲಭೂತ ಹಕ್ಕು. ಮರುವರ್ಷ, 2018ರ ಸೆಪ್ಟೆಂಬರ್ 26ರಂದು, ಸರಕಾರದ ಸವಲತ್ತುಗಳಿಗೆ ಆಧಾರ್ ಕೇಳಬಹುದು, ಆದರೆ ಬ್ಯಾಂಕ್ ಖಾತೆಗೆ ಮತ್ತು ಮೊಬೈಲ್ ಸಿಮ್ಮಿಗೆ ಅದನ್ನು ಜೋಡಿಸಲೇಬೇಕೆಂದು ಒತ್ತಾಯಿಸುವಂತಿಲ್ಲ ಎಂದು ಕೋರ್ಟು ತೀರ್ಪು ಕೊಟ್ಟಿತು. ಇಡೀ ದೇಶ ಈಗ 'ಪುಟ್ಟಸ್ವಾಮಿ ತೀರ್ಪು' ಎಂದೇ ಕರೆಯುತ್ತದೆ. ಅವರು ಕಂಪ್ಯೂಟರ್ ವಿರೋಧಿಯಾಗಿರಲಿಲ್ಲ. ನನ್ನ ಗುರುತನ್ನು ತೆಗೆದುಕೊಳ್ಳುವವರು ಏಕೆ, ಯಾವ ಕಾನೂನಿನಿಂದ ಎಂದು ಹೇಳಬೇಕು ಎಂದರು, ಅಷ್ಟೇ.

2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯನ್ನೂ ಸಂಸತ್ತು ಮಾಡಿತು. ಹಂತ ಹಂತವಾಗಿ ಅದು ಜಾರಿಗೆ ಬರುತ್ತಿದೆ. ನಮ್ಮಂಥ ಗಡಿಯ ಊರಿಗೆ ಬಹಳ ಮುಖ್ಯವಾದ ಒಂದು ಮಾತು ಅದರಲ್ಲಿದೆ. ನಿಮ್ಮ ಮಾಹಿತಿ ಬಳಸಲು ಒಪ್ಪಿಗೆ ಕೇಳುವವರು ಆ ಒಕ್ಕಣೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕು. ಕನ್ನಡವೂ ಅದರಲ್ಲಿದೆ, ಮರಾಠಿಯೂ ಇದೆ. ನಮ್ಮ ಮನೆಗಳಲ್ಲಿ ಆಡುವ ಎರಡೂ ಭಾಷೆ ಬಂದವು. ಬ್ಯಾಂಕಿನ ಗೋಡೆಯ ನೀಲಿ ಮೂಲೆಯ ಕಾಲದಲ್ಲಿದ್ದ ಆ ಹಳೆಯ ನಿಯಮವೇ ಈಗ ಕಾನೂನಿನ ಉಡುಪು ಹಾಕಿಕೊಂಡು ಬಂದಿದೆ: ಒತ್ತಿಸಿಕೊಳ್ಳುವ ಮುನ್ನ, ತಿಳಿಯುವ ಭಾಷೆಯಲ್ಲಿ ಹೇಳು.

ಕನ್ನಡ ಎಂದ ಮೇಲೆ ಇನ್ನೊಂದು ಮಾತು. ಕಂಪ್ಯೂಟರಿನಲ್ಲಿ ಕನ್ನಡ ತಾನಾಗಿ ಬರಲಿಲ್ಲ. ಈಗ ನಾವು ಒತ್ತುವ ಕನ್ನಡ ಕೀಲಿಮಣೆಯ ವಿನ್ಯಾಸ ಕೆ. ಪಿ. ರಾವ್ ಎಂಬ ವಿದ್ವಾಂಸರದ್ದು. ಕನ್ನಡ ಗಣಕ ಪರಿಷತ್ತು ಸರಕಾರಕ್ಕಾಗಿ ಮಾಡಿದ 'ನುಡಿ', ಶೇಷಾದ್ರಿವಾಸು ಅವರ 'ಬರಹ', ಇವೆಲ್ಲ ಜನರ ಕೈಗೆ ಬಿಟ್ಟಿಯಾಗಿ ಬಂದವು. ಆದರೂ ಕದ್ದ ಸಾಫ್ಟ್‌ವೇರ್ ಹಾಕಿಸಿಕೊಳ್ಳುವುದನ್ನು ನಾವು ತಪ್ಪೆಂದು ಎಣಿಸುವುದಿಲ್ಲ. ಒಬ್ಬರ ಹೊಲದ ಕಬ್ಬು ಮುರಿದರೆ ಜಗಳ, ಒಬ್ಬರ ವರ್ಷಗಟ್ಟಲೆ ದುಡಿಮೆಯನ್ನು ಪೆನ್‌ಡ್ರೈವಿನಲ್ಲಿ ಒಯ್ದರೆ ಜಾಣತನ! ನ್ಯಾಯವಾಗಿ ಬಿಟ್ಟಿ ಸಿಗುವುದೇ ಬೇಕಾದಷ್ಟಿರುವಾಗ ಕದಿಯುವ ಅಗತ್ಯವಾದರೂ ಏನು? ಕದ್ದ ಸಾಫ್ಟ್‌ವೇರಿನ ಬೆನ್ನಿಗೆ ವೈರಸ್ಸು ಬರುವುದು ಬೇರೆ.

ಈ ಸ್ಮರಣ ಸಂಚಿಕೆಗೆ ಲೇಖನ ಕಳಿಸಿದವರಿಗೆ ಇನ್ನೊಂದು ತೊಡಕೂ ಗೊತ್ತಿದೆ. ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳು ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ. ಏಕೆಂದರೆ ಕಂಪ್ಯೂಟರ್ ಒಳಗೆ ಇಟ್ಟುಕೊಂಡದ್ದು ಇಂಗ್ಲಿಷ್ ಅಕ್ಷರದ ಸಂಖ್ಯೆಯನ್ನೇ. ಮೇಲೆ ಕನ್ನಡದ ವೇಷ ಹಾಕಿತ್ತು. ಯೂನಿಕೋಡ್ ಬಂದ ಮೇಲೆ ಪ್ರತಿ ಕನ್ನಡ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಸಿಕ್ಕಿದೆ. ಜುಗೂಳದ 'ಜ'ಕ್ಕೆ 3228. ಜಗತ್ತಿನ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಅದು 'ಜ'ವೇ. ಶಾಲೆಯ ದಾಖಲೆಗಳನ್ನು, ಊರಿನ ಇತಿಹಾಸವನ್ನು ಟೈಪ್ ಮಾಡಿಸುವವರು ಯೂನಿಕೋಡಿನಲ್ಲೇ ಮಾಡಿಸಿ. ಐವತ್ತು ವರ್ಷದ ನಂತರ ಶತಮಾನೋತ್ಸವ ಮಾಡುವವರಿಗೆ ನಮ್ಮ ಬರಹ ಓದಲು ಬರಬೇಕಲ್ಲ.

ಇನ್ನು ನಮ್ಮ ಹೊಳೆಯ ವಿಷಯ. ಕೃಷ್ಣೆಯನ್ನು ಬಿಟ್ಟು ಜುಗೂಳದಲ್ಲಿ ಯಾವ ಮಾತೂ ಪೂರ್ತಿಯಾಗುವುದಿಲ್ಲ. 2005, 2019, 2021ರ ಪ್ರವಾಹಗಳನ್ನು ನಾವು ಮರೆಯುವಂತಿಲ್ಲ. 2019ರ ಆಗಸ್ಟಿನಲ್ಲಿ ಎಷ್ಟು ಮನೆಗಳ ಟ್ರಂಕಿನಲ್ಲಿ ಪಾಸ್‌ಬುಕ್ಕು, ಅಂಕಪಟ್ಟಿ, ಖರೀದಿ ಪತ್ರ ತೊಯ್ದು ಮುದ್ದೆಯಾದವು! ಆಗ ಕಂಪ್ಯೂಟರ್ ನಮ್ಮನ್ನು ಕಾಪಾಡಿತು. ಕಾಗದ ಹೋದರೂ ಪಹಣಿ ಇತ್ತು, ಖಾತೆ ಇತ್ತು. ಸರಕಾರ ತುರ್ತು ಪರಿಹಾರವೆಂದು ಕೊಟ್ಟ 10 ಸಾವಿರ ರೂಪಾಯಿ ಖಾತೆಗೇ ಜಮೆಯಾಯಿತು.

ಅದೇ ಪ್ರವಾಹದಲ್ಲಿ ಇನ್ನೊಂದನ್ನೂ ಕಂಡೆವು. ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವರ್ಗ ಮಾಡಿ ಕಂಪ್ಯೂಟರಿಗೆ ಏರಿಸಿದರು. ಪೂರ್ತಿ ಬಿದ್ದ ಮನೆಗೆ 5 ಲಕ್ಷದವರೆಗೆ ಪರಿಹಾರ, ಅಲ್ಪಸ್ವಲ್ಪ ಹಾನಿಯಾದದ್ದಕ್ಕೆ ಅದರ ಒಂದು ತುಣುಕು. ಕೀಲಿಮಣೆಯ ಮೇಲೆ 'ಎ' ಮತ್ತು 'ಸಿ' ನಡುವೆ ಇರುವುದು ಕೆಲವೇ ಬೆರಳಿನ ಅಂತರ. ಕೂತು ಒತ್ತುವ ಹುಡುಗನ ಕೈ ಜಾರಿದರೆ ಒಂದು ಸಂಸಾರಕ್ಕೆ ಸೂರು ಇಲ್ಲ. ಆಮೇಲೆ ಕಚೇರಿಯಿಂದ ಕಚೇರಿಗೆ ಅಲೆದರೆ ಎಲ್ಲ ಕಡೆಯೂ ಒಂದೇ ಉತ್ತರ: "ಕಂಪ್ಯೂಟರಿನ್ಯಾಗ ಹಿಂಗs ಐತಿ." ಕಬ್ಬಿನ ತೂಕದ ಕಾಟಾದಲ್ಲೂ ರೈತ ಕೇಳುವುದು ಇದೇ ಬಗೆಯ ಉತ್ತರ: "ಮಷಿನ್ ಹೇಳ್ಯತಿ."

ಮಕ್ಕಳೇ, ಇದನ್ನು ಬರೆದಿಟ್ಟುಕೊಳ್ಳಿ. ಕಂಪ್ಯೂಟರ್ ತಾನಾಗಿ ಏನನ್ನೂ ಹೇಳುವುದಿಲ್ಲ. ಯಾರೋ ಹೇಳಿಕೊಟ್ಟದ್ದನ್ನು ಹೇಳುತ್ತದೆ. ಆ ಯಾರೋ ಎಂಬವರಿಗೆ ಹೆಸರಿದೆ, ಹುದ್ದೆಯಿದೆ, ಮೇಲಧಿಕಾರಿ ಇದ್ದಾರೆ. ಕಾಟಾವನ್ನು ಪರೀಕ್ಷಿಸಿ ಮುದ್ರೆ ಹಾಕಲು ಕಾನೂನು ಮಾಪನ ಇಲಾಖೆ ಇದೆ. ನಿಮ್ಮಲ್ಲಿ ಕೆಲವರು ನಾಳೆ ಆ ಕೀಲಿಮಣೆಯ ಮುಂದೆ ಕೂಡುತ್ತೀರಿ. ಅಂದು ನಿಮ್ಮ ಎದುರು ತೊಯ್ದ ಕಾಗದ ಹಿಡಿದು ಒಬ್ಬರು ನಿಂತರೆ ಕಂಪ್ಯೂಟರಿನಲ್ಲಿ ಹೀಗೇ ಇದೆ ಎನ್ನಬೇಡಿ. "ತಪ್ಪಾಗಿದ್ದರ ನೋಡ್ತೇನಿ, ಕೂಡ್ರಿ ಕಾಕಾ" ಎನ್ನಿ.

ನಾನೇನು ತಪ್ಪು ಮಾಡದವನಲ್ಲ. ಶಾಖೆಗೆ ಹೊಸದಾಗಿ ಕಂಪ್ಯೂಟರ್ ಬಂದ ಕಾಲ. ಪಾಸ್‌ವರ್ಡ್ ಎಂದರೆ ನಮಗೆ ತಿಜೋರಿಯ ಕೀಲಿಯಷ್ಟು ಗಂಭೀರವಾಗಿ ಕಾಣಲಿಲ್ಲ. ತಿಜೋರಿಯ ಕೀಲಿಯನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ನಾನು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೀಲಿಮಣೆಯ ಕೆಳಗೆ ಇಟ್ಟಿದ್ದೆ. ಚಹಾಕ್ಕೆ ಹೋದಾಗ ಕೆಲಸ ನಿಲ್ಲಬಾರದೆಂದು ಕಿರಿಯ ಸಹೋದ್ಯೋಗಿಗೆ, "ನಂದ ಹಾಕಿ ಮಾಡಪಾ" ಎಂದಿದ್ದೆ. ಒಂದು ದಿನ ಒಬ್ಬ ರೈತನ ಖಾತೆಯ ಹಣ ಅದೇ ಹೆಸರಿನ ಇನ್ನೊಬ್ಬನ ಖಾತೆಗೆ ಹೋಯಿತು. ಒತ್ತಿದವನು ಆ ಹುಡುಗ. ದಾಖಲೆಯಲ್ಲಿದ್ದದ್ದು ನನ್ನ ಹೆಸರು. ವಿಚಾರಣೆಯಲ್ಲಿ ಹುಡುಗ ಎದ್ದು ನಿಂತು ನಾನೇ ಮಾಡಿದ್ದು ಸರ್ ಎಂದ. ನಾನು? ಅವನು ಹಾಗೆ ಹೇಳುವವರೆಗೆ ಸುಮ್ಮನಿದ್ದೆ. ಪಾಸ್‌ವರ್ಡ್ ಕೊಟ್ಟದ್ದು ನನ್ನ ತಪ್ಪು ಎಂದು ಒಪ್ಪಲು ನನಗೆ ಆಮೇಲೂ ಸ್ವಲ್ಪ ಹೊತ್ತು ಬೇಕಾಯಿತು. ರೈತನ ಹಣ ಸಂಜೆಗೆ ಸರಿಯಾಯಿತು. ಆದರೆ ಆ ಹುಡುಗನ ಮುಖ ಇಂದಿಗೂ ನನಗೆ ಕಾಣುತ್ತದೆ. ಪಾಸ್‌ವರ್ಡ್ ಎಂದರೆ ಸಹಿ. ಸಹಿಯನ್ನು ಯಾರೂ ಸಾಲ ಕೊಡುವುದಿಲ್ಲ ಎಂದು ಅಂದು ಕಲಿತೆ.

ಈಗ ನಮ್ಮ ಮನೆಗಳಲ್ಲಿ ನಡೆಯುವುದೂ ಅದೇ. "ಗೃಹಲಕ್ಷ್ಮಿ ರೊಕ್ಕ ಬಂತೇನ ನೋಡೋ ತಮ್ಮಾ" ಎಂದು ಅಕ್ಕ, ಆಯಿಯರು ಓಣಿಯ ಹುಡುಗನ ಕೈಗೆ ಫೋನು ಕೊಡುತ್ತಾರೆ. ಜೊತೆಗೆ ಪಿನ್ನನ್ನೂ ಹೇಳುತ್ತಾರೆ. ಹೆಚ್ಚಿನ ಹುಡುಗರು ಒಳ್ಳೆಯವರೇ. ಆದರೆ ಒಳ್ಳೆಯತನದ ಮೇಲೆಯೇ ತಿಜೋರಿ ತೆರೆದಿಡುವ ಪದ್ಧತಿ ಇಲ್ಲ. ನೋಡಿ ಹೇಳುವ ಹುಡುಗನೇ, "ಆಯಿ, ಪಿನ್ ನೀವs ಒತ್ರಿ, ನಾ ಈ ಕಡೆ ಮುಖಾ ಮಾಡ್ತೇನಿ" ಎನ್ನಬೇಕು. ಹಣ ಬರುವುದಕ್ಕೆ ಪಿನ್ ಬೇಕಿಲ್ಲ, ಹಣ ಹೋಗುವುದಕ್ಕೆ ಪಿನ್ ಬೇಕು. ಈ ಒಂದು ಮಾತನ್ನು ಪ್ರತಿ ಅಡುಗೆಮನೆಯ ಗೋಡೆಯ ಮೇಲೆ ಬರೆದರೂ ಕಡಿಮೆಯೇ. ಮೋಸ ಹೋದೆವೆಂದು ಗೊತ್ತಾದ ಕೂಡಲೇ 1930ಕ್ಕೆ ಫೋನು ಮಾಡಿ. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಹಣ ಕೈಮೀರಿ ಹೋಗುತ್ತದೆ.

ಮಳೆಗಾಲದ ವಾಟ್ಸ್‌ಆ್ಯಪ್ ಬಗ್ಗೆಯೂ ಹೇಳಲೇಬೇಕು. ಕೊಯ್ನಾದಿಂದ ಎಷ್ಟು ಬಿಟ್ಟರು, ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಬರುತ್ತಿದೆ ಎಂಬ ಅಂಕಿಗಳು ನಮಗೆ ದನ ಬಿಚ್ಚಬೇಕೋ ಬೇಡವೋ ಎಂಬ ಲೆಕ್ಕ. ಅದರ ನಡುವೆ ಯಾವುದೋ ವರ್ಷದ, ಯಾವುದೋ ಊರಿನ ವಿಡಿಯೊವನ್ನು ಈಗಿನದೆಂದು ಯಾರೋ ತಳ್ಳುತ್ತಾರೆ. ಬಾಣಂತಿಯನ್ನು, ಹಾಸಿಗೆ ಹಿಡಿದ ಮುದುಕರನ್ನು ಕಟ್ಟಿಕೊಂಡು ರಾತ್ರಿ ಓಡುವ ಮನೆಯವರನ್ನು ನೆನೆದುಕೊಳ್ಳಿ. ಸುಳ್ಳು ಸುದ್ದಿ ಎರಡು ಸಲ ಬಂದರೆ ಮೂರನೆಯ ಸಲ ನಿಜವಾದ ಎಚ್ಚರಿಕೆ ಬಂದರೂ ಯಾರೂ ಕದಲುವುದಿಲ್ಲ. ಆದ್ದರಿಂದ ತಾರೀಖು ನೋಡದೆ, ಯಾರು ಹೇಳಿದರೆಂದು ಕೇಳದೆ ಕಳಿಸಬೇಡಿ. ಮುಂದಕ್ಕೆ ಕಳಿಸುವ ಗುಂಡಿ ಒತ್ತುವುದೂ ಒಂದು ಸಾಕ್ಷಿ ಸಹಿಯೇ.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ಸುವರ್ಣ ಮಹೋತ್ಸವಕ್ಕೆ ಶಾಲೆಗೆ ಕಂಪ್ಯೂಟರ್ ಕೊಡಿಸೋಣ ಎಂದು ಕೆಲವರು ಹೇಳಿದ್ದಾರೆ. ಕೊಡಿಸೋಣ. ಆದರೆ ಬೇರೆ ಬೇರೆ ಊರುಗಳಲ್ಲಿ ದಾನಿಗಳ ಹೆಸರು ಬರೆದ ಕಂಪ್ಯೂಟರುಗಳು ಬಟ್ಟೆ ಹೊದ್ದು ಮಲಗಿರುವುದನ್ನು ನೋಡಿದ್ದೇನೆ. ಬ್ಯಾಟರಿ ಸತ್ತ ಮೇಲೆ ಬದಲಿಸಲು ಹಣವಿಲ್ಲ, ರಿಪೇರಿಗೆ ಜನವಿಲ್ಲ. ಆದ್ದರಿಂದ ಹತ್ತು ಕೊಡುವ ಕಡೆ ಆರು ಕೊಟ್ಟು, ಉಳಿದ ಹಣವನ್ನು ಬ್ಯಾಟರಿಗೆ, ರಿಪೇರಿಗೆ, ಪ್ರವಾಹ ಬಂದಾಗ ಮೇಲಕ್ಕೆ ಸಾಗಿಸುವ ವ್ಯವಸ್ಥೆಗೆ ತೆಗೆದಿಡೋಣ.

ಅದಕ್ಕಿಂತ ಹೆಚ್ಚಾಗಿ, ಖರ್ಚೇ ಇಲ್ಲದ ಒಂದು ಕೆಲಸವಿದೆ. ಹದಿನೈದು ದಿನಕ್ಕೊಮ್ಮೆ ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ತಾಸು, ಮೇಲಿನ ತರಗತಿಯ ಮಕ್ಕಳೂ ಒಬ್ಬರು ಶಿಕ್ಷಕರೂ ಇಬ್ಬರು ಹಳೆಯ ವಿದ್ಯಾರ್ಥಿಗಳೂ ಶಾಲೆಯ ಕಟ್ಟೆಯ ಮೇಲೆ ಕೂಡಲಿ. ಊರಿನ ಯಾರೇ ಆಗಲಿ ಬ್ಯಾಂಕಿನಿಂದ ಬಂದ ಕಾಗದ, ಫೋನಿಗೆ ಬಂದ ಸಂದೇಶ, ಪಹಣಿ, ಆಧಾರ್, ವಿಮೆಯ ಪತ್ರ ತಂದು ತೋರಿಸಲಿ. ನಮ್ಮ ಕೆಲಸ ಓದಿ ಹೇಳುವುದು, ಅಷ್ಟೇ. ನಿಯಮ ಮೂರು. ಒಂದು, ಯಾರ ಪಿನ್ನನ್ನೂ ಓಟಿಪಿಯನ್ನೂ ಕೇಳುವುದಿಲ್ಲ. ಎರಡು, ಗುಂಡಿ ಅವರೇ ಒತ್ತಬೇಕು. ಮೂರು, ಅಲ್ಲಿ ಓದಿದ್ದು ಕಟ್ಟೆ ಇಳಿದು ಓಣಿಗೆ ಹೋಗಬಾರದು. ಯಾರ ಸಾಲ ಎಷ್ಟು ಎಂಬುದು ಮಕ್ಕಳ ಬಾಯಲ್ಲಿ ಬರಬಾರದು. ಕಂಪ್ಯೂಟರ್ ನೀತಿಯನ್ನು ಪುಸ್ತಕದಿಂದ ಕಲಿಸುವುದಕ್ಕಿಂತ ಮಕ್ಕಳು ಇದರಿಂದ ಹೆಚ್ಚು ಕಲಿಯುತ್ತಾರೆ.

ಮೊದಲ ಶನಿವಾರಕ್ಕೆ ನಾನು ಬರುತ್ತೇನೆ. ಬರುವಾಗ ನಮ್ಮ ಅವ್ವನ ಹಳೆಯ ಪಾಸ್‌ಬುಕ್ ತರುತ್ತೇನೆ. ಅದರ ಮೊದಲ ಪುಟದಲ್ಲಿ ಅವಳ ಎಡಗೈ ಹೆಬ್ಬೆಟ್ಟಿನ ಗುರುತಿದೆ, ಮಸಿ ಮಾಸಿದೆ. ಗೆರೆ ಮಾತ್ರ ಇನ್ನೂ ಕಾಣುತ್ತವೆ. ಅವಳು ಓದಲು ಬಾರದೆ ಒತ್ತಿದಳು. ಓದಲು ಬರುವ ನಾವು ಓದದೆ ಒತ್ತಬಾರದು. ಓದಲು ಬಾರದವರಿಗೆ ಓದಿ ಹೇಳದೆ ಒತ್ತಿಸಲೂಬಾರದು.